ಹಿಂದೆ ಹೇಳುವವರಿಲ್ಲದ ಪದ

ಮೊನ್ನೆ ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದಾಗ ಟೇಪ್‌ರೆಕಾರ್ಡರಿನಲ್ಲಿ ಓಬಣ್ಣನ ಪದ ಬಂತು. ಎದುರಿನ ಬೆಂಚಿನವರೊಬ್ಬರು ತಟ್ಟೆಯಿಂದ ತಲೆಯೆತ್ತದೆ ತೀರ್ಪು ಕೊಟ್ಟರು: "ಕೊಂಡ್ಲಹಳ್ಳಿ ಮೇಳದಾಗಿದ್ದೋನು. ಕ್ಯಾಸೆಟ್ಟಿನೋರು ಬಂದು ಬೆನ್ನು ತಟ್ಟಿದ್ರು ನೋಡ್ರಿ, ಕಾಲು ನೆಲದ ಮ್ಯಾಲೆ ನಿಲ್ಲಲಿಲ್ಲ. ಮೇಳ ಬಿಟ್ಟು ಒಬ್ನೇ ಹಾಡಕ್ಕೆ ನಿಂತ."

ಈ ಸೀಮೆಯಲ್ಲಿ ಯಾರನ್ನು ಕೇಳಿದರೂ ನಿಮಗೆ ಇದೇ ಕಥೆ ಸಿಗುತ್ತದೆ. ನನ್ನ ತಕರಾರು ಸಣ್ಣದು. ಓಬಣ್ಣ ಮೇಳ ಬಿಟ್ಟಾಗ ಕ್ಯಾಸೆಟ್ಟಿನವರಿಗೆ ಅವನ ಹೆಸರೇ ಗೊತ್ತಿರಲಿಲ್ಲ. ಅವರು ಬಂದದ್ದು ಆಮೇಲೆ, ಬಹಳ ಆಮೇಲೆ. ಮಗು ಮೊದಲು ಹುಟ್ಟಿ ತಾಯಿ ಆಮೇಲೆ ಹುಟ್ಟುವ ಇಂಥ ವಾದವನ್ನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ಮಂಡಿಸಿದ್ದರೆ, ಗಂಟೆ ಬಾರಿಸುವ ಮೊದಲೇ ಅವರನ್ನು ಕೂರಿಸಿಬಿಡುತ್ತಿದ್ದೆ. ಅವ್ವ ಆಗ ನನ್ನನ್ನು ಲಾಯರಮ್ಮ ಎಂದು ಕರೆಯುತ್ತಿದ್ದಳು. ಮೆಚ್ಚಿಕೊಂಡಲ್ಲ. ಪಾತ್ರೆ ತೊಳೆಯುವ ಸರದಿ ಬಂದರೂ ನಾನು ಪರ-ವಿರೋಧ ಎರಡೂ ಮಂಡಿಸುತ್ತಿದ್ದೆನಲ್ಲ, ಅದಕ್ಕೆ.

ಕೊಂಡ್ಲಹಳ್ಳಿ ಅವ್ವನ ತವರು. ರಜೆಯಲ್ಲಿ ಹೋದಾಗ ಸಂಜೆ ಕಟ್ಟೆಯ ಮೇಲೆ ಮೇಳ ಕೂರುವುದನ್ನು ನೋಡುತ್ತಿದ್ದೆ. ಓಬಣ್ಣ ಒಂದು ಸಾಲು ಹಾಡುತ್ತಿದ್ದ, ಮಿಕ್ಕವರು ಅದನ್ನೇ ತಿರುಗಿ ಹಾಡುತ್ತಿದ್ದರು. ಇದಕ್ಕೆ ಅವರು 'ಹಿಂದೆ ಹೇಳೋದು' ಅನ್ನುತ್ತಿದ್ದರು. ಹೇಳಿದ್ದನ್ನೇ ಹೇಳುವುದು ಯಾಕೆ, ಕೇಳುವವರೇನು ಕಿವುಡರೇ ಎಂದು ನಾನೊಮ್ಮೆ ವಾದ ಹೂಡಿದ್ದೆ. ಮೇಳದ ಹಿರಿಯ, ದಮ್ಮಡಿ ಬಡಿಯುವ ಬೋರಜ್ಜ ನಕ್ಕಿದ್ದರು.

"ಒಬ್ಬ ಹೇಳಿದ್ರೆ ಅದು ಮಾತು ಕಣವ್ವ. ನಾಕು ಮಂದಿ ತಿರುಗಿ ಹೇಳಿದ್ರೆ ಪದ."

ಓಬಣ್ಣ ಹಗಲೆಲ್ಲ ಕುರಿ ಕಾಯುತ್ತಿದ್ದ. ಅವನ ತಂಗಿಯನ್ನು ಗಡಿಯಾಚೆ ಆಂಧ್ರದ ಹಳ್ಳಿಗೆ ಕೊಟ್ಟಿದ್ದರು. ಅವಳನ್ನು ನೋಡಿಬಂದ ಮೇಲೆ ಕುರಿಗಳ ಹಿಂದೆ ಒಬ್ಬನೇ ಅಲೆಯುತ್ತಾ ಒಂದು ಪದ ಕಟ್ಟಿದ. ಒಂದು ಸಂಜೆ ಅದನ್ನು ಕಟ್ಟೆಗೆ ತಂದ. ನಾನು ಅಲ್ಲೇ ಕೂತಿದ್ದೆ, ಹಾಗಾಗಿ ಸಾಕ್ಷಿ ನಾನೇ.

"ಗಡಿಯ ದಾಟಿದ ತಂಗಿ ಕನ್ನಡದಾಗೆ ನಕ್ಕಾಳೋ" ಎಂದು ಹಾಡಿ, ಹಿಂದೆ ಹೇಳುವವರ ಕಡೆ ನೋಡಿದ. ಯಾರೂ ಬಾಯಿ ತೆರೆಯಲಿಲ್ಲ.

"ಯಾರ್ ಕಟ್ಟಿದ್ದಲೇ ಇದು?" ಬೋರಜ್ಜ ಕೇಳಿದರು.

"ನಾನೇ ಕಣಜ್ಜ."

"ಹಂಗಾದ್ರೆ ಬ್ಯಾಡ ಬಿಡು. ಹಿಂದ್ಲೋರು ಬಿಟ್ಟೋದ ಪದ ಹಾಡೋ ಮೇಳ ಇದು. ಕಟ್ಟಿದೋನು ಎದುರಿಗೇ ಬೀಡಿ ಸೇದ್ಕಂಡು ಕುಂತಿದ್ರೆ ಅದು ಪದ ಅಲ್ಲಲೇ, ಅರ್ಜಿ!"

ಎಲ್ಲರೂ ನಕ್ಕರು. ಓಬಣ್ಣನೂ ನಕ್ಕ. ನಕ್ಕಾದ ಮೇಲೆ, "ಒಂದ್ಸಲ ಹಿಂದೆ ಹೇಳ್ರಿ. ಆಮೇಲೆ ಬೇಕಾದ್ರೆ ಬೈರಿ" ಎಂದ. ಆ ದನಿಯಲ್ಲಿ ನಗು ಇರಲಿಲ್ಲ. ಬೋರಜ್ಜ ದಮ್ಮಡಿಯನ್ನು ಚೀಲಕ್ಕೆ ಹಾಕಿ ಎದ್ದರು. ಮರುದಿನದಿಂದ ಓಬಣ್ಣ ಕಟ್ಟೆಗೆ ಬರಲಿಲ್ಲ. ಮೇಳ ಬಿಟ್ಟದ್ದು ಎಂದರೆ ಇಷ್ಟೇ. ಈಗ ನೀವೇ ಹೇಳಿ, ಬಿಟ್ಟವರು ಯಾರು?

ಮುಂದಿನ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಅವನನ್ನು ಕರೆಸಿದೆ. ನಿರೂಪಣೆ ನನ್ನದೇ ಆದ್ದರಿಂದ "ಇದೀಗ ಏಕವ್ಯಕ್ತಿ ಗಾಯನ" ಎಂದು ಗತ್ತಿನಿಂದ ಸಾರಿದೆ. ಓಬಣ್ಣ ಮೈಕಿನ ಮುಂದೆ ನಿಂತು ತಂಗಿಯ ಪದದ ಮೊದಲ ಸಾಲು ಹಾಡಿ, ಸುಮ್ಮನಾದ. ಒಂದು ಸಾಲು ಹಾಡುವಷ್ಟು ಹೊತ್ತು ಸುಮ್ಮನೇ. ಆಮೇಲೆ "ತೆಲುಗಿನಾಗೆ ಅತ್ತಾಳೋ" ಎಂದ. ಮತ್ತೆ ಸುಮ್ಮನಾದ. "ಅಣ್ಣೋ, ಕರೆಂಟ್ ಹೋತಾ?" ಎಂದು ಹುಡುಗರು ಕೂಗಿದರು. ಮರೆತಿದ್ದಾನೆಂದು ನಾನು ಪಕ್ಕದಿಂದ ಸಾಲು ಪಿಸುಗುಟ್ಟಲು ಹೋದೆ. ಅವನು ನನ್ನತ್ತ ತಿರುಗಲೇ ಇಲ್ಲ. ತಾನು ನಿಲ್ಲಿಸುತ್ತಿದ್ದೇನೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಮತ್ತೊಂದು ಸಾಲು, ಮತ್ತೆ ಖಾಲಿ. ಆಗ ಶಾಮಿಯಾನದ ಹಿಂದುಗಡೆಯಿಂದ ಒಂದು ಒಡಕು ದನಿ ಆ ಸಾಲನ್ನು ತಿರುಗಿ ಹಾಡಿತು. ಬೋರಜ್ಜ! ಓಬಣ್ಣನ ಬೆನ್ನು ನೆಟ್ಟಗಾಯಿತು. ಕೊನೆಯವರೆಗೂ ಒಂದು ಸಾಲು ಇಲ್ಲಿಂದ, ಒಂದು ಸಾಲು ಅಲ್ಲಿಂದ. ಹುಡುಗರು ಬಾಯಿ ಮುಚ್ಚಿ ಕೂತರು.

ನನ್ನ 'ಏಕವ್ಯಕ್ತಿ' ಎಷ್ಟು ಪೊಳ್ಳು ಎಂದು ಆಗ ಹೊಳೆಯಿತು. ಕುರಿಗಳ ಹಿಂದೆ ಒಬ್ಬನೇ ಕಟ್ಟಿದರೂ ಅವನು ಮೇಳದವರಿಗೆ ಜಾಗ ಬಿಟ್ಟೇ ಕಟ್ಟಿದ್ದ. ಒಬ್ಬನೇ ಹಾಡುವ ಆಸೆ ಅವನಿಗೆ ಯಾವತ್ತೂ ಇರಲಿಲ್ಲ.

ಪದ ಮುಗಿಯುವಷ್ಟರಲ್ಲಿ ಬೋರಜ್ಜ ಹೊರಟುಹೋಗಿದ್ದರು. ಯಾಕೆ ಬಂದಿದ್ದಿರಿ ಎಂದು ಅವ್ವ ಆಮೇಲೆ ಕೇಳಿದ್ದಕ್ಕೆ, "ಅವನು ಬೀಳೋದು ನೋಡಕ್ಕೆ ಬಂದಿದ್ದೆ" ಅಂದರಂತೆ. ಇವರು ಮೇಳಕ್ಕೆ ಕರೆಯಲಿಲ್ಲ, ಅವನು ಕೇಳಲಿಲ್ಲ. ಓಬಣ್ಣ ಮೊಳಕಾಲ್ಮೂರಿಗೆ ಹೋಗಿ ನೆಲೆಸಿದ, ಇನ್ನಷ್ಟು ಪದ ಕಟ್ಟಿದ. ಕ್ಯಾಸೆಟ್ಟಿನವರು ಬಂದದ್ದು ಅಲ್ಲಿಗೆ. ಅವನು ಖಾಲಿ ಬಿಟ್ಟ ಕಡೆಗೆಲ್ಲ ಕೀಬೋರ್ಡು ತುಂಬಿದರು. ಹೇಗಿದೆ ಎಂದು ಕೇಳಿದ್ದೆ. "ಮಿಷಿನ್ನು ಹಿಂದೆ ಹೇಳ್ತೈತೆ ಲಾಯರಮ್ಮ. ಆದ್ರೆ ಅದಕ್ಕೆ ಮಾತು ಬರಲ್ಲ" ಎಂದ.

ಇದನ್ನೆಲ್ಲ ಎದುರಿನ ಬೆಂಚಿನವರಿಗೆ ಹೇಳಿದೆನೇ? ಹೇಳಿದೆ. ಅವರು ಕೈತೊಳೆದು ಬಸ್ಸು ಹತ್ತಿದರು. ನಾನೂ ನನ್ನ ಬಸ್ಸು ಹಿಡಿದೆ. ಮಾವನ ಹೊಸ ಮನೆಯ ಗೃಹಪ್ರವೇಶಕ್ಕೆ ಕೊಂಡ್ಲಹಳ್ಳಿಗೆ ಹೊರಟಿದ್ದೆ.

ಚಪ್ಪರದಲ್ಲಿ ಮೇಳ ಕೂತಿತ್ತು. ಮುಂದೆ ಹಾಡುವವನು ನನಗೆ ಗುರುತಿಲ್ಲದ ಹೊಸಬ. ಎರಡು ಪದ ಆದ ಮೇಲೆ ಅವನು ಗಡಿ ದಾಟಿದ ತಂಗಿಯನ್ನು ಎತ್ತಿಕೊಂಡ. ಹಿಂದಿನವರೆಲ್ಲ ಒಟ್ಟಾಗಿ ತಿರುಗಿ ಹೇಳಿದರು, ಕೀಬೋರ್ಡು ತುಂಬಲಾರದೆ ಹೋದ ಜಾಗ ಮೊದಲ ಸಲ ಇಡೀ ಮೇಳದ ದನಿಯಿಂದ ತುಂಬಿದ್ದನ್ನು ಕೇಳಿದೆ. ಊಟದ ಹೊತ್ತಿಗೆ ಅವನನ್ನು ಹಿಡಿದು, ಈ ಪದ ಯಾರದಪ್ಪಾ ಎಂದೆ.

"ಹಿಂದ್ಲೋರದಕ್ಕ. ಬೋರಜ್ಜ ಕಲಿಸಿದ್ದು."

ಇದು ಕಳವು ಎಂಬ ವಾದ ಆಗಲೇ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎದುರು ಪಕ್ಷದ ವಾದವೂ ಅಷ್ಟೇ ಬೇಗ ಬಂತು, ಮತ್ತು ಯಾವುದು ಗೆಲ್ಲುತ್ತದೋ ಮೊದಲ ಸಲ ನನಗೆ ತಿಳಿಯಲಿಲ್ಲ. ಅಂಗಳದಲ್ಲಿ ಬೋರಜ್ಜ ದಮ್ಮಡಿಯ ಚರ್ಮವನ್ನು ಬಿಸಿಲಿಗೆ ಹಿಡಿದು ಬಿಗಿಯಾಯಿತೇ ಎಂದು ಬೆರಳಲ್ಲಿ ತಟ್ಟಿ ನೋಡುತ್ತಿದ್ದರು. ಹತ್ತಿರ ಹೋಗಿ ಕುಕ್ಕುರುಗಾಲಲ್ಲಿ ಕೂತೆ.

"ಅಜ್ಜಾ, ಓಬಣ್ಣ ಇನ್ನೂ ಬದುಕೈದಾನೆ. ನೀವು ಅವನ ಹೆಸರು ಅಳಿಸಿದ್ರೋ, ಇಲ್ಲ ಅವನನ್ನೂ ಹಿಂದ್ಲೋರ ಜೊತೆ ಕುಂಡ್ರಿಸಿದ್ರೋ?"