ನಾಲಿಗೆ ನೋಡದ ಎಣ್ಣೆ

ಮಲವಗೊಪ್ಪದಲ್ಲಿ ಪುಟ್ಟ ಕರೆಂಟ್ ಗಾಣ ನಡೆಸುತ್ತಿದ್ದ ಆ ಅಮ್ಮ, ಶೇಂಗಾ ಎಣ್ಣೆ ತೆಗೆದ ಕೂಡಲೇ ಕ್ಯಾನು ನನ್ನ ಕೈಗೆ ಕೊಡುತ್ತಿರಲಿಲ್ಲ. "ತಡಿ ಮಾರಾಯ್ತಿ, ನಾಲಿಗೆ ನೋಡ್ಲಿ" ಎಂದು, ಒಂದು ಹಿಡಿ ಮಂಡಕ್ಕಿಗೆ ಎಣ್ಣೆ ಬಿಟ್ಟು ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಬೂಸ್ಟು ಹಿಡಿದ ಬೀಜ ಸೇರಿದ್ದರೆ ಕಹಿ ಗೊತ್ತಾಗುತ್ತದಂತೆ.

ಒಂದು ಸಂಕಷ್ಟಿಯ ದಿನ, ಉಪವಾಸವೆಂದು ರುಚಿ ನೋಡದೆ ಕೊಟ್ಟರು. ಮಧ್ಯಾಹ್ನ ಆಟೋ ಹಿಡಿದು ವಿನೋಬನಗರದ ನಮ್ಮ ಮನೆಗೇ ಓಡಿ ಬಂದರು. "ಚೀಲದ ತಳದಲ್ಲಿ ಬೂಸ್ಟು ಕಾಣ್ತು. ಎಣ್ಣೆ ಮುಟ್ಬೇಡ!"

ಮಕ್ಕಳು ಆಗಲೇ ಆ ಎಣ್ಣೆಯಲ್ಲಿ ಕರಿದ ಪೂರಿ ತಿಂದು ಮಲಗಿದ್ದರು.

ಆ ಅಮ್ಮ ಉಪವಾಸ ಮರೆತು, ಉಳಿದಿದ್ದ ಪೂರಿ ಮುರಿದು ಬಾಯಿಗಿಟ್ಟರು. ನಾನು ಅವರ ದವಡೆಯನ್ನೇ ನೋಡುತ್ತಿದ್ದೆ.

"ಕಹಿ ಇಲ್ಲ ಮಾರಾಯ್ತಿ" ಎಂದರು. ಆದರೂ ಮಕ್ಕಳು ಎದ್ದು, ಹಸಿವಾಯ್ತು ಅಂತ ಕೂಗುವವರೆಗೆ ನಮ್ಮ ಮೆಟ್ಟಿಲು ಬಿಟ್ಟು ಕದಲಲಿಲ್ಲ.