ಕಾರಿಗೆ ಒಯ್ದ ತಟ್ಟೆ

ಹೊನ್ನಾವರದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂಬೈಗೆ ಹೋಗಿ, ಸರಕು ಹಡಗಿನಲ್ಲಿ ಅಡುಗೆಯವನಾದವನು ನಾನು. ಹಡಗು ಜರ್ಮನಿಯ ಹ್ಯಾಂಬರ್ಗ್ ಬಂದರಿಗೆ ಬಂದಾಗ ಜೊತೆಯವರೆಲ್ಲ ಸಾಂಕ್ಟ್ ಪೌಲಿಯ ಕೆಂಪು ದೀಪಗಳ ಬೀದಿಗೆ ಹೊರಡುತ್ತಿದ್ದರು. ನಾನೂ ಅರ್ಧ ದಾರಿ ನಡೆದು, ಹೊಟ್ಟೆ ಸರಿಯಿಲ್ಲವೆಂದು ಹೇಳಿ ತಪ್ಪಿಸಿಕೊಂಡು, ರೈಲ್ವೆ ನಿಲ್ದಾಣದ ಆಚೆಗಿನ ಸಾಂಕ್ಟ್ ಗೇಯೋರ್ಗ್‌ಗೆ ಹೋಗುತ್ತಿದ್ದೆ. ಗಂಡಸರು ಗಂಡಸರನ್ನು ಹುಡುಕಿಕೊಂಡು ಬರುವ ಬಾರುಗಳು ಅಲ್ಲಿದ್ದವು. ಹೊರಗೆ ಬೋರ್ಡಿಲ್ಲ, ಕಿಟಕಿಗೆ ದಪ್ಪ ಪರದೆ. ಬೆಲ್ ಒತ್ತಿದರೆ ಬಾಗಿಲಿನ ಕಿಂಡಿಯಲ್ಲಿ ಒಂದು ಕಣ್ಣು ಕಾಣುತ್ತಿತ್ತು. ಆ ಕಣ್ಣು ಒಪ್ಪಿದರೆ ಒಳಗೆ. ಅಂಥ ಒಂದು ಬಾರಿನಲ್ಲಿ ಬೇರೊಂದು ಹಡಗಿನ ಎಲೆಕ್ಟ್ರಿಷಿಯನ್ ನನ್ನ ಪಕ್ಕ ಬಂದು ಕೂತ. ನ್ಯೂಜಿಲೆಂಡಿನವನು. ಇವತ್ತಿಗೂ ನಾವು ಜೊತೆಗಿದ್ದೇವೆ, ಆಕ್ಲೆಂಡಿನ ಒನೆಹುಂಗಾದಲ್ಲಿ, ಒಂದೇ ಮನೆ, ಒಂದೇ ಮಲಗುವ ಕೋಣೆ.

ಕನ್ನಡ ಸಂಘದವರಿಗೆ ಮಾತ್ರ ಅವನು ನನ್ನ ಫ್ಲಾಟ್‌ಮೇಟ್. ಬಾಡಿಗೆ ಹಂಚಿಕೊಂಡು ಇರುವವನು.

ಸಂಘದಲ್ಲಿ ನನ್ನನ್ನು ಅಡುಗೆ ಅಂಕಲ್ ಎನ್ನುತ್ತಾರೆ. ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆಬಾತ್ ನನ್ನದೇ ಆಗಬೇಕು. ಬೀನ್ಸ್, ಕ್ಯಾರೆಟ್ ಹೆಚ್ಚುವವನು ಅವನು. ಮನುಕಾವ್ ಬಡಾವಣೆಯ ಹಾಲ್‌ವರೆಗೆ ಕಾರು ಓಡಿಸಿ, ಪಾತ್ರೆಗಳನ್ನು ಬಾಗಿಲವರೆಗೆ ಹೊತ್ತು ತಂದಿಟ್ಟು ಕಾರಿಗೆ ಮರಳುವವನೂ ಅವನೇ. ಎಲ್ಲರ ಊಟವಾದ ಮೇಲೆ ನಾನು ಒಂದು ಪೇಪರ್ ತಟ್ಟೆಯಲ್ಲಿ ಬಡಿಸಿಕೊಂಡು ಹೋಗಿ ಅವನಿಗೆ ಕೊಡುತ್ತಿದ್ದೆ. ಅವನು ಸ್ಟಿಯರಿಂಗ್ ಮೇಲೆ ಪತ್ರಿಕೆ ಹಾಸಿಕೊಂಡು ತಿನ್ನುತ್ತಿದ್ದ. ಹೀಗೇ ಎಷ್ಟೋ ವರ್ಷ ನಡೆಯಿತು. ನನಗೆ ಅದರಲ್ಲಿ ತಪ್ಪೇ ಕಾಣುತ್ತಿರಲಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಮತ್ತೆ ಹ್ಯಾಂಬರ್ಗ್‌ಗೆ ಹೋದೆವು. ತನ್ನ ಮಂಡಿ ಪೂರ್ತಿ ಕೈಕೊಡುವ ಮೊದಲು ಒಮ್ಮೆ ನೋಡಬೇಕು ಎಂಬುದು ಅವನ ಆಸೆ. ಸಾಂಕ್ಟ್ ಗೇಯೋರ್ಗ್‌ನ ಗುರುತೇ ಸಿಗಲಿಲ್ಲ. ಉದ್ದನೆಯ ಮುಖ್ಯ ಬೀದಿಯಲ್ಲಿ ಔಷಧಿ ಅಂಗಡಿಗೂ ಕಾಮನಬಿಲ್ಲಿನ ಬಾವುಟ. ಕೆಫೆಗಳ ಮೇಜುಗಳು ಫುಟ್‌ಪಾತಿಗೆ ಬಂದಿದ್ದವು. ಇಬ್ಬರು ಗಂಡಸರು ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ತರಕಾರಿ ಆರಿಸುತ್ತಿದ್ದರು. ನಾವು ಮೊದಲು ಭೇಟಿಯಾದ ಬಾರು ಸೈಕಲ್ ಅಂಗಡಿಯಾಗಿತ್ತು. ಪಕ್ಕದ ಓಣಿಯಲ್ಲಿ ಅದೇ ಕಾಲದ ಇನ್ನೊಂದು ಬಾರು ಉಳಿದಿತ್ತು. ಅದರ ಬಾಗಿಲು ಮುಚ್ಚದಂತೆ ಬಿಯರ್ ಕ್ರೇಟ್ ಇಟ್ಟಿದ್ದರು. ಆದರೂ ಅವನು ನಿಂತು ಬೆಲ್ ಒತ್ತಿದ.

ಒಳಗಿನಿಂದ ಬಾರಿನವನು ಕೂಗಿದ: "ತೆರೆದೇ ಇದೆಯಪ್ಪಾ, ನೀನು ಯಾವ ಕಾಲದವನು?"

"ಕಿಂಡಿಯ ಕಾಲದವನು," ಎಂದ ಇವನು. ಒಳಗಿದ್ದ ಮುದುಕರೆಲ್ಲ ನಕ್ಕು ಜಾಗ ಮಾಡಿಕೊಟ್ಟರು. ಹಳೆಯ ಜರ್ಮನ್ ಹಾಡುಗಳಿಗೆ ದನಿಗೂಡಿಸುತ್ತ ಕೂತೆವು.

ಮರುದಿನ ಸಂಜೆ ಸಾಂಕ್ಟ್ ಪೌಲಿಗೆ. ಅಲ್ಲೊಂದು ಸಣ್ಣ ರಂಗಮಂದಿರದಲ್ಲಿ ಹೆಣ್ಣುವೇಷದ ದಪ್ಪ ಗಂಡಸೊಬ್ಬ ಮುಂದಿನ ಸಾಲಿನವರನ್ನು ಗೇಲಿ ಮಾಡುತ್ತ ಹಾಡುತ್ತಿದ್ದ. ಇವನು ವೇದಿಕೆಯನ್ನೇ ನೋಡುತ್ತಿದ್ದ. ಬಾಗಿಲು ತೆರೆದಾಗಲೆಲ್ಲ ನಾನು ಬಂದವರು ಯಾರೆಂದು ನೋಡುತ್ತಿದ್ದೆ.

ಹೊರಡುವ ಹಿಂದಿನ ದಿನ ಸಾಂಕ್ಟ್ ಗೇಯೋರ್ಗ್‌ನ ಸಿಗ್ನಲ್‌ನಲ್ಲಿ ನಿಂತಿದ್ದೆವು. ಅಲ್ಲಿ ದಾಟುವವರಿಗೆ ತೋರಿಸುವ ದೀಪದಲ್ಲಿ ಕೈ ಹಿಡಿದ ಇಬ್ಬರು ಗಂಡಸರ ಚಿತ್ರವಿದೆ. ಹಸಿರಾಯಿತು. ಅವನು ನನ್ನ ಕೈ ಹಿಡಿದ. ಬೀದಿಯಲ್ಲಿ ಹಾಗೆ ಕೈ ಹಿಡಿದದ್ದು ಅದೇ ಮೊದಲು. ಆಗ ಹಿಂದಿನಿಂದ ಹುಡುಗಿಯೊಬ್ಬಳು ಫೋನಿನಲ್ಲಿ ಹೇಳುವುದು ಕೇಳಿತು: "ಸಾರಿಗೆ ಒಗ್ಗರಣೆ ಹಾಕಿಟ್ಟಿರು, ಬಂದೆ."

ಕನ್ನಡ. ನಾನು ಕೈ ಬಿಡಿಸಿಕೊಂಡೆ. ಅಷ್ಟಕ್ಕೇ ಸುಮ್ಮನಿದ್ದರೆ ಅವಳು ತನ್ನ ದಾರಿ ಹಿಡಿಯುತ್ತಿದ್ದಳು. ಆದರೆ ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದರೆ ನಮ್ಮವರ ಬಾಯಿ ನಿಲ್ಲುವುದಿಲ್ಲ. ತಿರುಗಿ ನಾನೇ ಕೇಳಿದೆ: "ಕನ್ನಡದವ್ರಾ? ಯಾವ ಊರಮ್ಮ?"

"ಅಯ್ಯೋ, ಮೈಸೂರು ಅಂಕಲ್! ನೀವು?"

"ಹೊನ್ನಾವರ. ಈಗ ಆಕ್ಲೆಂಡ್."

"ಆಕ್ಲೆಂಡಾ? ನಮ್ ಚಿಕ್ಕಮ್ಮ ಅಲ್ಲೇ ಇರೋದು. ಸಂಘದ ಊಟದ್ದೇ ಪುರಾಣ ಹೇಳ್ತಿರ್ತಾರೆ." ಅವಳು ನನ್ನ ಪಕ್ಕ ನೋಡಿದಳು. "ಇವ್ರು ಯಾರು ಅಂಕಲ್?"

"ಫ್ಲಾಟ್‌ಮೇಟ್."

"ಫ್ಲಾಟ್‌ಮೇಟ್ ಜೊತೆ ಇಷ್ಟ್ ದೂರನಾ! ನಮ್ ಫ್ಲಾಟ್‌ಮೇಟು ಪಾತ್ರೆನೂ ತೊಳೆಯಲ್ಲ," ಎಂದು ನಗುತ್ತ ಹೋದಳು.

ಅವನಿಗೆ ಕನ್ನಡ ಬಾರದು. ಆ ಒಂದು ಪದ ಸಾಕಾಗಿತ್ತು. ಹೋಟೆಲಿಗೆ ಬಂದ ಮೇಲೆ ಶೂ ಬಿಚ್ಚುತ್ತ ಹೇಳಿದ: "ಇಲ್ಲೂ ಅದೇನಾ? ಈ ಊರಿನಲ್ಲೂ?" ಶೂಗಳನ್ನು ಮಂಚದ ಕೆಳಗೆ ಸರಿಸಿ, "ಇನ್ನು ಮೇಲೆ ನಾನು ಕಾರಿನಲ್ಲಿ ಕೂತು ಉಣ್ಣುವುದಿಲ್ಲ. ಒಳಗೆ ಕರೆದರೆ ಬರುತ್ತೇನೆ, ನಾನು ನಿನಗೆ ಏನೋ ಅದಾಗಿಯೇ. ಆಗದಿದ್ದರೆ ಅಪ್ಪರ್ ಹಟ್ ಊರಿನಲ್ಲಿ ತಂಗಿಯ ಮನೆಯಿದೆ, ಅಲ್ಲಿಗೆ ಹೋಗುತ್ತೇನೆ," ಎಂದ. ದನಿ ಏರಿಸಲಿಲ್ಲ. ನಾನು ಪೆಟ್ಟಿಗೆ ಕಟ್ಟತೊಡಗಿದೆ.

ನವೆಂಬರ್ ಬಂತು. ಅವನು ಎಂದಿನಂತೆ ಬೀನ್ಸ್ ಹೆಚ್ಚಿಕೊಟ್ಟ. ಟ್ಯಾಕ್ಸಿಯಲ್ಲಿ ಹೋದರೆ ಪಾತ್ರೆ ಉರುಳುತ್ತದೆ ಎಂದು ಕಾರೂ ತೆಗೆದ. ದಾರಿಯಲ್ಲಿ ಹೇಳಿದ್ದು ಒಂದೇ ಮಾತು: "ತಂಗಿಗೆ ಫೋನ್ ಮಾಡಿದ್ದೇನೆ. ಕೋಣೆ ಖಾಲಿ ಇದೆಯಂತೆ." ಪಾತ್ರೆ ಇಳಿಸಿ ಕಾರಿಗೆ ಹೋದ.

ನಾನು ಬಡಿಸುತ್ತಿದ್ದೆ. ಸಾಲಿನಲ್ಲಿ ಆ ಹುಡುಗಿಯ ಚಿಕ್ಕಮ್ಮ ಬಂದರು. "ಏನ್ರೀ, ಹ್ಯಾಂಬರ್ಗ್‌ಗೆ ಹೋಗಿದ್ರಂತೆ, ನಮಗೊಂದು ಮಾತೂ ಹೇಳ್ಲಿಲ್ಲ! ಫ್ಲಾಟ್‌ಮೇಟ್ ಬೇರೆ ಜೊತೆಗಿದ್ರಂತೆ?"

ಸೌಟು ನನ್ನ ಕೈಯಲ್ಲೇ ಇತ್ತು. "ಫ್ಲಾಟ್‌ಮೇಟ್ ಅಲ್ಲ," ಎಂದೆ. "ಅವರು ನಮ್ಮನೆಯವರು. ನಿಮಗೆ ನಿಮ್ಮ ಯಜಮಾನರು ಹೇಗೋ ಹಾಗೆ."

ಹಿಂದಿದ್ದ ಹುಡುಗರು ಕತ್ತೆತ್ತಿ ನೋಡಿದರು. ಆಕೆ ತಟ್ಟೆ ನೋಡಿಕೊಂಡು, "ಮತ್ತೆ ಅವ್ರೆಲ್ಲಿ?" ಎಂದರು.

"ಕಾರಿನಲ್ಲಿ."

"ಕಾರಲ್ಲಾ? ಇಷ್ಟ್ ವರ್ಷವೂ ಕಾರಲ್ಲೇನಾ?"

ಸೌಟನ್ನು ಪಕ್ಕದವನಿಗೆ ಕೊಟ್ಟು ಹೊರಗೆ ಹೋದೆ. ನನ್ನ ಕೈಯಲ್ಲಿ ತಟ್ಟೆಯಿಲ್ಲದ್ದನ್ನು ಅವನು ದೂರದಿಂದಲೇ ನೋಡಿದ. ಗಾಜು ಇಳಿಸಿದ. ಒಳಗೆ ಏನು ಹೇಳಿದೆನೆಂದು ತಿಳಿಸಿದೆ.

"ನಾನಿಲ್ಲದಾಗ ಹೇಳಿದೆ," ಎಂದ.

"ಹೌದು."

"ಹಾಗಾದರೆ ಇನ್ನೊಮ್ಮೆ ಹೇಳಬೇಕಾಗುತ್ತದೆ. ನಾನು ಅಲ್ಲಿ ನಿಂತಿರುವಾಗ."

ಸೀಟ್‌ಬೆಲ್ಟ್ ಬಿಚ್ಚಿದ. ಮಂಡಿ ಹಿಡಿದಿತ್ತು, ಇಳಿಯಲು ಹೊತ್ತಾಯಿತು. ನಾನು ಕೈ ಕೊಟ್ಟೆ. ಹಾಲ್‌ನ ಬಾಗಿಲು ಮುಟ್ಟುವವರೆಗೂ ನಾನು ಅದನ್ನು ಬಿಡಿಸಿಕೊಳ್ಳಲಿಲ್ಲ. ಒಳಗೆ ಹೋಗಿ ಇನ್ನೊಮ್ಮೆ ಹೇಳಿದೆ.