ನವ್ಯಕವಿಯ ಕನ್ನಡಕ

ಪ್ರಾಸವೆಂದರೆ ಈ ಮನೆಯ ನವ್ಯಕವಿಗಳು ಮೂಗು ಮುರಿಯುತ್ತಾರೆ, ಕವಿತೆ ಮೂರು ಸಾಲು ದಾಟಿದರೆ ಅವರಿಗೆ ತಲೆನೋವು. ಆದರೆ ಕಣ್ಣಿಗೆ ಬಿದ್ದದ್ದೆಲ್ಲ ಇನ್ನೊಂದರ ಹಾಗೆ ಕಾಣಲೇಬೇಕು. ಕನ್ನಡಕ ಮೂಗಿಗೇರಿತೆಂದರೆ ಮನೆಯವರೆಲ್ಲ ಉಸಿರು ಬಿಗಿಹಿಡಿಯುತ್ತಾರೆ. ಹಾಲು ಉಕ್ಕಿದರೆ ಕವಿಗಳು ಒಲೆ ಆರಿಸುವ ಬದಲು, "ಇರು ಇರು, ಇದು ಯಾವುದರ ಹಾಗಿದೆ?" ಎನ್ನುತ್ತಾ ನೋಡುತ್ತಾ ನಿಲ್ಲುತ್ತಾರೆ. ಭಾವಮೈದುನ ಮೆಟ್ಟಿಲಿನಿಂದ ಉರುಳಿದಾಗ, ಎತ್ತುವ ಮೊದಲೇ ಅವನು ಬಾಯಿ ಬಿಚ್ಚಿದ ಮೂಟೆಯಾಗಿದ್ದ. ಅತ್ತಿಗೆಯ ಗೊರಕೆಯಂತೂ ಗರಗಸವಾಗಿ ಪತ್ರಿಕೆಯಲ್ಲೇ ಅಚ್ಚಾಯಿತು. "ನಿನ್ನ ಗಂಡನ ಎದುರು ಆಕಳಿಸೋಕೂ ಭಯ ಕಣೇ," ಎಂದು ಆಕೆ ಕವಿಯ ಹೆಂಡತಿಯ ಹತ್ತಿರ ಗೊಣಗುತ್ತಾರೆ. ಇಷ್ಟು ವರ್ಷ ನಕ್ಕು ಸುಮ್ಮನಾಗುತ್ತಿದ್ದ ಹೆಂಡತಿ, ಆಸ್ಪತ್ರೆಯಲ್ಲಿ ಕೀಮೋ ಶುರುವಾದ ಮೇಲೆ ಬಾಗಿಲು ಹಾಕಿಕೊಂಡೇ ತಲೆ ಬಾಚುತ್ತಾಳೆ. ಇವತ್ತು ಬೆಳಿಗ್ಗೆ ಅಗುಳಿ ಹಾಕುವುದನ್ನು ಮರೆತಳು. ಬಾಚಣಿಗೆಯ ಜೊತೆ ಕೂದಲು ಹಿಡಿಹಿಡಿಯಾಗಿ ಕಿತ್ತು ಬಂದು ನೆಲಕ್ಕೆ ಬಿತ್ತು, ಕನ್ನಡಿಯಲ್ಲಿ ಬೆನ್ನ ಹಿಂದೆ ಕನ್ನಡಕ ಹೊಳೆಯಿತು. "ಇದನ್ನ ಮಾತ್ರ ನೋಡಬೇಡಿ ರೀ," ಎಂದಳು. ಕನ್ನಡಕವಿಲ್ಲದಿದ್ದರೆ ಮಾರು ದೂರದ ಬಾಗಿಲೂ ಕಾಣದ ಕವಿಗಳು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಅವಳ ಕಾಲ ಬಳಿ ಕೂತು, ನೆಲ ತಡಕಾಡುತ್ತಾ, ಯಾವುದರ ಹಾಗೂ ಅಲ್ಲದ ಆ ಕೂದಲನ್ನು ಆಯತೊಡಗಿದರು.